ಬೂಟಿನ ಮೇಲಿನ ಹೆಸರು ಯಾರ ಸ್ವತ್ತು?

ಬೂಟು ಮಾರುವ ಕಂಪನಿಯೊಂದು ಆಟಗಾರನೊಬ್ಬನ ಜೊತೆ ಮಾಡಿಕೊಂಡ ಕರಾರು ಚಲನಚಿತ್ರಕ್ಕೆ ವಸ್ತುವಾದೀತೆ? ಅದೂ ಆ ಆಟಗಾರನ ಪಾತ್ರ ಮಾಡಿದ ನಟನ ಮುಖವನ್ನೇ ತೋರಿಸದೆ, ಅಂಗಣದ ಆಟಕ್ಕಿಂತ ಕಚೇರಿಯ ಮಾತುಕತೆಗೇ ಹೆಚ್ಚು ಹೊತ್ತು ಮೀಸಲಿಟ್ಟ ಚಿತ್ರ ಪ್ರೇಕ್ಷಕರನ್ನು ಹಿಡಿದು ಕೂರಿಸೀತೆ? 2023ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಏರ್’ ಈ ಪ್ರಶ್ನೆಗಳಿಗೆ ಹೌದೆಂದೇ ಉತ್ತರ ಕೊಟ್ಟಿತು. ಬಾಸ್ಕೆಟ್‌ಬಾಲ್ ಆಟಗಾರ ಮೈಕೆಲ್ ಜೋರ್ಡಾನ್ ಮತ್ತು ನೈಕಿ ಕಂಪನಿಯ ನಡುವೆ 1984ರಲ್ಲಿ ಆದ ಒಪ್ಪಂದದ ಕಥೆ ಇದು. ನಿರ್ದೇಶಕ ಬೆನ್ ಅಫ್ಲೆಕ್. ಜಗತ್ತಿನಾದ್ಯಂತ ಸುಮಾರು 9 ಕೋಟಿ ಡಾಲರ್ ಗಳಿಸಿದ ಚಿತ್ರ, ಚಿತ್ರಮಂದಿರದ ಬಾಗಿಲಲ್ಲೇ ಪ್ರೇಕ್ಷಕರ ಅಭಿಪ್ರಾಯ ಕೇಳುವ ಸಿನೆಮಾಸ್ಕೋರ್ ಸಂಸ್ಥೆಯ ಸಮೀಕ್ಷೆಯಲ್ಲಿ ‘ಎ’ ಶ್ರೇಣಿ ಪಡೆಯಿತು.

ಮೆಚ್ಚಿಕೆ ಒಂದು ಕಡೆಗಾದರೆ ತಕರಾರು ಇನ್ನೊಂದು ಕಡೆ. ಮಗನ ಬೆಲೆಯನ್ನು ತಾಯಿ ಬಲ್ಲಳು ಎಂಬ ಸತ್ಯವನ್ನು ಕಂಡು ಕಣ್ಣೊರೆಸಿಕೊಂಡವರಿದ್ದಾರೆ. ಹಣ ಕೊಟ್ಟು ನೋಡಿದ ಎರಡು ತಾಸಿನ ಜಾಹೀರಾತು ಎಂದು ಮುಖ ಸಿಂಡರಿಸಿದವರೂ ಇದ್ದಾರೆ. ನಡೆದದ್ದು ಹೀಗಲ್ಲ ಎಂದು ಇತಿಹಾಸದ ಲೆಕ್ಕ ತೆಗೆದವರು ಮತ್ತೊಂದು ಗುಂಪು. ಈ ಮೂರೂ ಅಭಿಪ್ರಾಯಗಳಲ್ಲಿ ಹುರುಳಿದೆ. ಮೂರನ್ನೂ ತೂಗಿ ನೋಡಬೇಕಾದರೆ ಚಿತ್ರದ ಹಿಂದಿರುವ ಇತಿಹಾಸವನ್ನು ಮೊದಲು ತಿಳಿಯಬೇಕು.

ಹಿಂದೆ ಬಿದ್ದಿದ್ದ ಕಂಪನಿ

ನೈಕಿಯ ಮೂಲ 1964ರಲ್ಲಿ ಫಿಲ್ ನೈಟ್ ಮತ್ತು ಓಟದ ತರಬೇತುದಾರ ಬಿಲ್ ಬೋವರ್‌ಮನ್ ಆರಂಭಿಸಿದ ‘ಬ್ಲೂ ರಿಬ್ಬನ್ ಸ್ಪೋರ್ಟ್ಸ್’ ಎಂಬ ಪುಟ್ಟ ಸಂಸ್ಥೆ. ಜಪಾನಿನ ಬೂಟುಗಳನ್ನು ತರಿಸಿ ಅಮೆರಿಕದಲ್ಲಿ ಮಾರುವುದು ಅದರ ಕಸುಬಾಗಿತ್ತು. ಗ್ರೀಕರ ವಿಜಯದೇವತೆಯ ಹೆಸರು ಬಂದದ್ದು 1971ರಲ್ಲಿ. ಇಂದು ಜಗತ್ತೆಲ್ಲ ಗುರುತಿಸುವ ಅದರ ಕೊಕ್ಕೆಯಾಕಾರದ ಚಿಹ್ನೆಯನ್ನು ಬರೆದುಕೊಟ್ಟ ವಿದ್ಯಾರ್ಥಿನಿ ಕ್ಯಾರೊಲಿನ್ ಡೇವಿಡ್‌ಸನ್ ಅವರಿಗೆ ಆಗ ಸಿಕ್ಕ ಸಂಭಾವನೆ 35 ಡಾಲರ್. 1980ರಲ್ಲಿ ಕಂಪನಿ ಷೇರು ಮಾರುಕಟ್ಟೆಗೆ ಬಂತು. ಆದರೆ 1984ರ ಹೊತ್ತಿಗೆ ಓಟದ ಬೂಟುಗಳ ಭರಾಟೆ ಇಳಿದಿತ್ತು. ಬಾಸ್ಕೆಟ್‌ಬಾಲ್‌ನಲ್ಲಂತೂ ನೈಕಿಯನ್ನು ಕೇಳುವವರು ಕಡಿಮೆ. ಮ್ಯಾಜಿಕ್ ಜಾನ್ಸನ್, ಲ್ಯಾರಿ ಬರ್ಡ್ ಅವರಂಥ ದಿಗ್ಗಜರು ಕಾನ್ವರ್ಸ್ ಕಂಪನಿಯ ಬೂಟು ತೊಡುತ್ತಿದ್ದರು. ಹದಿಹರೆಯದವರ ಕಣ್ಣು ಜರ್ಮನಿಯ ಅಡಿಡಾಸ್ ಮೇಲಿತ್ತು.

ಆ ಹದಿಹರೆಯದವರಲ್ಲಿ ಮೈಕೆಲ್ ಜೋರ್ಡಾನ್ ಕೂಡ ಒಬ್ಬರು. ಉತ್ತರ ಕ್ಯಾರೊಲಿನಾದ ವಿಲ್ಮಿಂಗ್ಟನ್‌ನಲ್ಲಿ ಬೆಳೆದ ಅವರು 1982ರ ಕಾಲೇಜು ಚಾಂಪಿಯನ್‌ಷಿಪ್ ಫೈನಲ್‌ನ ಕೊನೆಯ ಕ್ಷಣಗಳಲ್ಲಿ ಬುಟ್ಟಿಗೆ ಹಾಕಿದ ಚೆಂಡು ತಂಡಕ್ಕೆ 63–62ರ ಗೆಲುವು ತಂದಿತ್ತು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಚಿನ್ನವೂ ದಕ್ಕಿತು. ಅದೇ ವರ್ಷ ವೃತ್ತಿಪರ ಲೀಗ್‌ನ ಆಯ್ಕೆಯಲ್ಲಿ ಚಿಕಾಗೊ ಬುಲ್ಸ್ ತಂಡ ಅವರನ್ನು ಆರಿಸಿಕೊಂಡಿತಾದರೂ ಅದು ಮೂರನೆಯ ಆಯ್ಕೆ. ಅವರಿಗಿಂತ ಮೊದಲು ಇಬ್ಬರು ಎತ್ತರದ ಆಟಗಾರರನ್ನು ಬೇರೆ ತಂಡಗಳು ಒಯ್ದಿದ್ದವು. ಕಾಲೇಜಿನಲ್ಲಿ ತೊಟ್ಟದ್ದು ಕಾನ್ವರ್ಸ್, ಮನಸ್ಸಿನಲ್ಲಿದ್ದದ್ದು ಅಡಿಡಾಸ್. ನೈಕಿಯ ಜೊತೆ ಮಾತನಾಡಲೂ ಅವರಿಗೆ ಇಷ್ಟವಿರಲಿಲ್ಲ. ತಾಯಿ ಡೆಲೋರಿಸ್ ಒತ್ತಾಯಿಸಿ ವಿಮಾನ ಹತ್ತಿಸಿದ್ದರಿಂದ ಹೋದೆನೆಂದು 2020ರ ‘ದಿ ಲಾಸ್ಟ್ ಡ್ಯಾನ್ಸ್’ ಸಾಕ್ಷ್ಯಚಿತ್ರದಲ್ಲಿ ಅವರೇ ಹೇಳಿಕೊಂಡಿದ್ದಾರೆ. ಇದೇ ಸಾಕ್ಷ್ಯಚಿತ್ರವನ್ನು ನೋಡಿದ ಅಲೆಕ್ಸ್ ಕಾನ್ವೆರಿ ಎಂಬ ಲೇಖಕನಿಗೆ ‘ಏರ್’ ಚಿತ್ರಕಥೆಯ ಎಳೆ ಹೊಳೆಯಿತು.

ಚಿತ್ರದ ನಾಯಕ ಜೋರ್ಡಾನ್ ಅಲ್ಲ. ನೈಕಿಗಾಗಿ ಪ್ರತಿಭಾವಂತ ಹುಡುಗರನ್ನು ಹುಡುಕುತ್ತಿದ್ದ ಸಾನಿ ವ್ಯಾಕಾರೊ ಇಲ್ಲಿ ಕೇಂದ್ರಪಾತ್ರ. ಮ್ಯಾಟ್ ಡೇಮನ್ ಆ ಪಾತ್ರ ಮಾಡಿದ್ದಾರೆ. ಹಲವು ಆಟಗಾರರಿಗೆ ಹಂಚಬೇಕಾಗಿದ್ದ ಹಣವನ್ನೆಲ್ಲ ಒಬ್ಬನೇ ಹುಡುಗನ ಮೇಲೆ ಹೂಡೋಣ, ಅವನಿಗೊಂದು ಬೂಟು ಹುಡುಕುವ ಬದಲು ಅವನನ್ನೇ ಒಂದು ಬೂಟನ್ನಾಗಿ ಮಾಡೋಣ ಎಂಬುದು ಚಿತ್ರದ ವ್ಯಾಕಾರೊ ಹಿಡಿದ ಹಟ. ಕಂಪನಿಯ ಒಡೆಯ ಫಿಲ್ ನೈಟ್ ಆಗಿ ಅಫ್ಲೆಕ್, ತಾಯಿ ಡೆಲೋರಿಸ್ ಆಗಿ ವಯೋಲಾ ಡೇವಿಸ್. ಕೊನೆಗೆ ಕರಾರು ಮುಗಿಯಿತು ಎನ್ನುವಾಗ ತಾಯಿ ಫೋನ್ ಮಾಡಿ ಒಂದು ಷರತ್ತು ಹಾಕುತ್ತಾರೆ. ಮಗನ ಹೆಸರಿನಲ್ಲಿ ಮಾರಾಟವಾಗುವ ಪ್ರತಿ ಜೊತೆ ಬೂಟಿನಲ್ಲೂ ಮಗನಿಗೆ ಪಾಲು ಬೇಕು ಎಂಬುದೇ ಆ ಷರತ್ತು. ಚಿತ್ರದ ಎದೆಬಡಿತ ಇರುವುದು ಇಲ್ಲಿ.

ಹೆಸರು ಕೊಟ್ಟವರು, ಹಣ ಕಂಡವರು

ಈ ಷರತ್ತಿನ ತೂಕ ಅರಿಯಲು ಇನ್ನೂ ಹಿಂದಕ್ಕೆ ಹೋಗಬೇಕು. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನ ಗೆದ್ದ ಜೆಸ್ಸಿ ಓವೆನ್ಸ್ ಅವರಿಗೆ ಜರ್ಮನಿಯ ಡ್ಯಾಸ್ಲರ್ ಸಹೋದರರ ಕಾರ್ಖಾನೆಯ ಮೊಳೆಬೂಟು ದೊರೆತಿತ್ತು. ಬೂಟು ತಯಾರಿಸಿದವರಿಗೆ ಕೀರ್ತಿ ಬಂತು. ಓಡಿದವರ ಗತಿ? ಆಟಗಾರ ಹಣ ಮುಟ್ಟಬಾರದೆಂಬ ಹವ್ಯಾಸಿ ನಿಯಮದ ಕಾಲ ಅದು. ಒಲಿಂಪಿಕ್ಸ್ ನಂತರದ ಯುರೋಪ್ ಪ್ರವಾಸ ಮುಂದುವರಿಸಲು ಒಪ್ಪದಿದ್ದಕ್ಕೆ ಅಮೆರಿಕದ ಅಥ್ಲೆಟಿಕ್ ಸಂಸ್ಥೆ ಓವೆನ್ಸ್ ಅವರನ್ನು ಅಮಾನತು ಮಾಡಿತು. ಮುಂದೆ ಅವರು ಹೊಟ್ಟೆಪಾಡಿಗಾಗಿ ಕುದುರೆಗಳ ಜೊತೆ ಓಡಿ ಜನರನ್ನು ರಂಜಿಸಬೇಕಾಯಿತು.

ಕಾನ್ವರ್ಸ್ ಬೂಟಿನ ಕಥೆ ಇನ್ನೂ ಸ್ವಾರಸ್ಯಕರ. ಅದರ ಪಕ್ಕದಲ್ಲಿ ಅಂಟಿಸಿದ ದುಂಡನೆಯ ಪಟ್ಟಿಯ ಮೇಲೆ ಚಕ್ ಟೇಲರ್ ಅವರ ಸಹಿ ಬಂದದ್ದು 1930ರ ದಶಕದಲ್ಲಿ. ಟೇಲರ್ ಬಾಸ್ಕೆಟ್‌ಬಾಲ್ ಆಟಗಾರ ಮತ್ತು ಕಂಪನಿಯ ಮಾರಾಟ ಪ್ರತಿನಿಧಿ. ಊರೂರು ಸುತ್ತಿ ಆಟ ಕಲಿಸುತ್ತಾ ಬೂಟು ಮಾರಿದವರು. ಕೋಟ್ಯಂತರ ಜೊತೆ ಬೂಟುಗಳು ಅವರ ಹೆಸರು ಹೊತ್ತು ಹೋದವು. ಅವರಿಗೆ ದಕ್ಕಿದ್ದು ಸಂಬಳ ಮತ್ತು ಪ್ರವಾಸದ ಖರ್ಚು. ಮಾರಾಟದಲ್ಲಿ ಪಾಲು ಇರಲಿಲ್ಲ.

ಹಾಗೆಂದು 1984ಕ್ಕೆ ಮೊದಲು ಆಟಗಾರರ ಹೆಸರಿನ ಬೂಟಿಗೆ ಬೆಲೆಯೇ ಇರಲಿಲ್ಲವೆಂದಲ್ಲ. 1970ರ ದಶಕದ ಆರಂಭದಲ್ಲೇ ನ್ಯೂಯಾರ್ಕ್ ತಂಡದ ವಾಲ್ಟ್ ಫ್ರೇಜಿಯರ್ ಅವರ ಅಡ್ಡಹೆಸರಿನಲ್ಲಿ ಪ್ಯೂಮಾ ಕಂಪನಿ ‘ಕ್ಲೈಡ್’ ಬೂಟು ತಂದಿತ್ತು. ಟೆನಿಸ್‌ನಲ್ಲಂತೂ ಈ ಪದ್ಧತಿ ಗಟ್ಟಿಯಾಗಿ ಬೇರೂರಿತ್ತು. ಅಡಿಡಾಸ್‌ನ ಸ್ಟ್ಯಾನ್ ಸ್ಮಿತ್ ಬೂಟು ಇದಕ್ಕೆ ಒಳ್ಳೆಯ ಉದಾಹರಣೆ. ಟೆನಿಸ್ ಆಟಗಾರ ಒಬ್ಬಂಟಿ. ಅಂಗಣದಲ್ಲಿ ಕ್ಯಾಮೆರಾ ಅವನೊಬ್ಬನನ್ನೇ ನೋಡುತ್ತದೆ. ತಂಡದ ಆಟದಲ್ಲಿ ಹಾಗಲ್ಲ, ಅಲ್ಲಿ ತಂಡವೇ ಮುಖ್ಯ ಎಂದು ಕಂಪನಿಗಳು ನಂಬಿದ್ದವು. ಜೋರ್ಡಾನ್ ಅವರ ಏಜೆಂಟ್ ಡೇವಿಡ್ ಫಾಕ್ ಕೆಲಸ ಮಾಡುತ್ತಿದ್ದ ಪ್ರೊಸರ್ವ್ ಸಂಸ್ಥೆ ಟೆನಿಸ್ ಆಟಗಾರರ ವ್ಯವಹಾರಗಳಲ್ಲಿ ಪಳಗಿದ್ದು. ತಂಡದ ಆಟಗಾರನನ್ನು ಟೆನಿಸ್ ಆಟಗಾರನಂತೆ ಮಾರುಕಟ್ಟೆಗೆ ತರುವುದು ಫಾಕ್ ಅವರ ಉಪಾಯ. ಬಾಸ್ಕೆಟ್‌ಬಾಲ್‌ನಲ್ಲಿ 1984ರ ಒಪ್ಪಂದ ತಂದ ಹೊಸತನದ ಗುಟ್ಟು ಇದೇ.

ಕರಾರಿನ ಮೊತ್ತ ವರ್ಷಕ್ಕೆ 5 ಲಕ್ಷ ಡಾಲರಿನಂತೆ ಐದು ವರ್ಷಕ್ಕೆ 25 ಲಕ್ಷ ಡಾಲರ್. ಅದರ ಮೇಲೆ ಮಾರಾಟದಲ್ಲಿ ರಾಯಲ್ಟಿ. ವೃತ್ತಿಪರ ಲೀಗ್‌ನಲ್ಲಿ ಒಂದು ಆಟವನ್ನೂ ಆಡಿರದ ಹುಡುಗನಿಗೆ ಇದು ಅಂದು ಕಂಡುಕೇಳರಿಯದ ಮೊತ್ತ. ವಿನ್ಯಾಸಕಾರ ಪೀಟರ್ ಮೂರ್ ರೂಪಿಸಿದ ‘ಏರ್ ಜೋರ್ಡಾನ್’ 1985ರ ಏಪ್ರಿಲ್‌ನಲ್ಲಿ 65 ಡಾಲರ್ ಬೆಲೆಗೆ ಅಂಗಡಿಗೆ ಬಂತು. ನಾಲ್ಕನೆಯ ವರ್ಷದ ಹೊತ್ತಿಗೆ 30 ಲಕ್ಷ ಡಾಲರ್ ವ್ಯಾಪಾರವಾದರೆ ಸಾಕೆಂದು ನೈಕಿ ಎಣಿಸಿತ್ತು, ಮೊದಲ ವರ್ಷವೇ 12.6 ಕೋಟಿ ಡಾಲರ್ ವ್ಯಾಪಾರವಾಯಿತು ಎಂಬುದು ಫಾಕ್ ಕೊಟ್ಟ ಲೆಕ್ಕ.

ಗೆದ್ದೆತ್ತಿನ ಬಾಲ

ಇಷ್ಟು ದೊಡ್ಡ ಯಶಸ್ಸಿಗೆ ಕಾರಣರು ಯಾರು? ಗೆದ್ದೆತ್ತಿನ ಬಾಲ ಹಿಡಿಯಲು ಎಲ್ಲರೂ ಮುಂದು ಎಂಬ ಮಾತಿಗೆ ಈ ಪ್ರಕರಣ ಒಳ್ಳೆಯ ನಿದರ್ಶನ. ಚಿತ್ರ ನೋಡಿದ ಹಲವರು ವ್ಯಾಕಾರೊ ಒಬ್ಬರೇ ಇದನ್ನೆಲ್ಲ ಸಾಧಿಸಿದರೆಂದು ನಂಬಿ ಹೊರಬಂದರು. ಇತಿಹಾಸ ಅಷ್ಟು ಸರಳವಾಗಿಲ್ಲ. ಚಿತ್ರದಲ್ಲಿ ವ್ಯಾಕಾರೊ ಏಜೆಂಟನನ್ನು ದಾಟಿ ಕಾರಿನಲ್ಲಿ ನೇರವಾಗಿ ಜೋರ್ಡಾನ್ ಮನೆಯ ಅಂಗಳಕ್ಕೆ ಹೋಗಿ ತಾಯಿಯನ್ನು ಕಾಣುತ್ತಾರೆ. ವಾಸ್ತವದಲ್ಲಿ ವ್ಯಾಕಾರೊ ಜೋರ್ಡಾನ್ ಅವರನ್ನು ಕಂಡದ್ದು ಒಲಿಂಪಿಕ್ಸ್ ಸಮಯದಲ್ಲಿ, ಕ್ಯಾಲಿಫೋರ್ನಿಯಾದ ಹೋಟೆಲೊಂದರಲ್ಲಿ. ಆ ಭೇಟಿ ಮಾಡಿಸಿದವರು ಒಲಿಂಪಿಕ್ ತಂಡದ ಸಹಾಯಕ ತರಬೇತುದಾರ ಜಾರ್ಜ್ ರಾವೆಲಿಂಗ್. ತಾನು ನೈಕಿಗೆ ಬರಲು ರಾವೆಲಿಂಗ್ ಅವರೇ ಕಾರಣ, ವ್ಯಾಕಾರೊ ಅಲ್ಲ ಎಂದು 2015ರಲ್ಲಿ ಜೋರ್ಡಾನ್ ಪತ್ರಿಕೆಯೊಂದಕ್ಕೆ ತಿಳಿಸಿದ್ದರು. ವ್ಯಾಕಾರೊ ಅವರ ಪಾತ್ರ ಹೇಳುವಷ್ಟು ದೊಡ್ಡದಲ್ಲ ಎಂಬ ಅರ್ಥದ ಮಾತನ್ನು ಫಿಲ್ ನೈಟ್ ಕೂಡ ಆಡಿದ್ದಾರೆ. ವ್ಯಾಕಾರೊ ಇದನ್ನು ಒಪ್ಪುವುದಿಲ್ಲ. ‘ಏರ್ ಜೋರ್ಡಾನ್’ ಎಂಬ ಹೆಸರು ತಮ್ಮದೆಂದು ಫಾಕ್ ಹೇಳುತ್ತ ಬಂದಿದ್ದಾರೆ. ಚಿತ್ರ ಆ ಹೆಸರನ್ನು ನೈಕಿಯ ವಿನ್ಯಾಸದ ಕೋಣೆಯಲ್ಲಿ ಹುಟ್ಟಿಸುತ್ತದೆ.

ಚಿತ್ರೀಕರಣಕ್ಕೆ ಮೊದಲು ಅಫ್ಲೆಕ್ ಜೋರ್ಡಾನ್ ಅವರನ್ನು ಭೇಟಿಯಾಗಿದ್ದರು. ಆಗ ಜೋರ್ಡಾನ್ ಕೇಳಿದ್ದು ಕೆಲವೇ ಸಂಗತಿ. ತಾಯಿಯ ಪಾತ್ರವನ್ನು ವಯೋಲಾ ಡೇವಿಸ್ ಮಾಡಬೇಕು, ರಾವೆಲಿಂಗ್ ಮತ್ತು ನೈಕಿಯ ಹೋವರ್ಡ್ ವೈಟ್ ಅವರನ್ನು ಬಿಡಬಾರದು. ಆದ್ದರಿಂದ ಇಬ್ಬರೂ ಚಿತ್ರದಲ್ಲಿದ್ದಾರೆ. ರಾವೆಲಿಂಗ್ ಅವರ ಬದುಕೇ ಇನ್ನೊಂದು ಚಿತ್ರಕ್ಕೆ ವಸ್ತು. 1963ರ ವಾಷಿಂಗ್ಟನ್ ಮಹಾಸಭೆಯಲ್ಲಿ ಸ್ವಯಂಸೇವಕನಾಗಿ ವೇದಿಕೆಯ ಬಳಿ ನಿಂತಿದ್ದ ಅವರಿಗೆ ಮಾರ್ಟಿನ್ ಲೂಥರ್ ಕಿಂಗ್ ತಾವು ಆಗತಾನೆ ಮಾಡಿದ ಚರಿತ್ರಾರ್ಹ ಭಾಷಣದ ಟೈಪು ಮಾಡಿದ ಹಾಳೆಗಳನ್ನು ಕೊಟ್ಟಿದ್ದರು. ಚಿತ್ರದಲ್ಲೂ ಈ ಪ್ರಸಂಗ ಬರುತ್ತದೆ. ರಾವೆಲಿಂಗ್ 2025ರಲ್ಲಿ ತೀರಿಕೊಂಡರು.

ನಿಷೇಧದ ಕಥೆಯೂ ಇಂಥದೇ. ಕೆಂಪು-ಕಪ್ಪು ಬಣ್ಣದ ಬೂಟು ತೊಟ್ಟದ್ದಕ್ಕೆ ಲೀಗ್ ಪ್ರತಿ ಆಟಕ್ಕೂ 5,000 ಡಾಲರ್ ದಂಡ ಹಾಕಿತು, ನೈಕಿ ಅದನ್ನು ಸಂತೋಷದಿಂದ ಕಟ್ಟಿ ಪ್ರಚಾರ ಗಿಟ್ಟಿಸಿತು ಎಂಬುದು ಜನಜನಿತ. ಅಂಥ ಬೂಟು ನಿಯಮಕ್ಕೆ ವಿರುದ್ಧವೆಂದು 1985ರ ಫೆಬ್ರುವರಿಯಲ್ಲಿ ಲೀಗ್ ನೈಕಿಗೆ ಪತ್ರ ಬರೆದದ್ದು ನಿಜ. ಆದರೆ ಪತ್ರ ಹೇಳುವುದು 1984ರ ಅಕ್ಟೋಬರ್‌ನ ಸಂಗತಿ. ಆಗ ಜೋರ್ಡಾನ್ ತೊಟ್ಟದ್ದು ‘ಏರ್ ಷಿಪ್’ ಎಂಬ ಹಳೆಯ ಮಾದರಿಯೆಂಬುದು ಬೂಟುಗಳ ಇತಿಹಾಸ ಬಲ್ಲವರ ಅಭಿಪ್ರಾಯ. ಒಂದು ಬೂಟಿಗೆ ಬಿದ್ದ ನಿಷೇಧವನ್ನು ಇನ್ನೊಂದು ಬೂಟಿನ ಮಾರಾಟಕ್ಕೆ ಬಳಸಿದ ಜಾಣತನ ಕಂಪನಿಯದು. ಚಿತ್ರ ಈ ದಂತಕಥೆಯನ್ನು ಹಾಗೆಯೇ ಉಳಿಸಿಕೊಂಡಿದೆ.

ಕಾಣದ ಮುಖಗಳು

ಪ್ರೇಕ್ಷಕರಲ್ಲಿ ಹೆಚ್ಚು ಚರ್ಚೆಯಾದದ್ದು ನಾಯಕನ ಮುಖ ಕಾಣದ ವಿಷಯ. ಜೋರ್ಡಾನ್ ಪಾತ್ರದ ನಟ ಬೆನ್ನು ತಿರುಗಿಸಿಯೇ ಇರುತ್ತಾರೆ, ಮಾತು ಒಂದೆರಡು. ಜಗತ್ತೆಲ್ಲ ಬಲ್ಲ ಮುಖಕ್ಕೆ ಇನ್ನೊಂದು ಮುಖ ತೊಡಿಸಿದರೆ ಪ್ರೇಕ್ಷಕ ನಂಬುವುದಿಲ್ಲ ಎಂಬುದು ನಿರ್ದೇಶಕರ ಸಮಜಾಯಿಷಿ. ಇದನ್ನು ಒಪ್ಪಿದವರು ಬಹಳ ಜನ. ದೇವರ ಮೂರ್ತಿ ಕಾಣದಿದ್ದರೂ ಉತ್ಸವ ನಡೆಯುವುದಿಲ್ಲವೆ ಎಂಬಂಥ ಸಮಾಧಾನ ಅವರದು. ಒಪ್ಪದವರು ಕೇಳುವ ಪ್ರಶ್ನೆ ಮೊನಚಾಗಿದೆ. ಕಪ್ಪು ಯುವಕನೊಬ್ಬನ ಮೈಕಸುವಿನಿಂದ ಬೆಳೆದ ಸಂಪತ್ತಿನ ಕಥೆಯಲ್ಲಿ ಅವನಿಗೇ ಬಾಯಿಲ್ಲ, ಮಾತೆಲ್ಲ ಬಿಳಿಯ ಅಧಿಕಾರಿಗಳದು. ಇದು ಸರಿಯೆ? ಈ ಆಕ್ಷೇಪಕ್ಕೆ ಚಿತ್ರದೊಳಗೆ ಸಿಗುವ ಉತ್ತರ ತಾಯಿಯ ಪಾತ್ರವೊಂದೇ. ಪಾಲಿಗೆ ಬಂದದ್ದು ಪಂಚಾಮೃತ ಎಂದು ತೃಪ್ತಳಾಗದೆ, ಪಾಲು ಎಷ್ಟೆಂದು ತಾನೇ ಹೇಳುವ ಹೆಂಗಸು ಆಕೆ. ಡೆಲೋರಿಸ್ ಜೋರ್ಡಾನ್ ಬ್ಯಾಂಕಿನಲ್ಲಿ ಕೆಲಸ ಮಾಡಿದವರು, ಹಣದ ಲೆಕ್ಕ ಬಲ್ಲವರು. ಪಾಲಿನ ಮಾತುಕತೆ ನಡೆಸಿದ್ದು ಏಜೆಂಟರೇ ಇರಬಹುದು. ಮಗನನ್ನು ಆ ಕೋಣೆಗೆ ಕರೆತಂದದ್ದಂತೂ ತಾಯಿಯೇ.

ಜಾಹೀರಾತು ಎಂಬ ಆರೋಪವನ್ನೂ ತಳ್ಳಿಹಾಕುವಂತಿಲ್ಲ. ಚಿತ್ರದ ಹಿಂದಿದ್ದದ್ದು ಅಮೆಜಾನ್ ಸ್ಟುಡಿಯೋಸ್ ಮತ್ತಿತರ ಸಂಸ್ಥೆಗಳು, ನೈಕಿ ಅಲ್ಲ. ಅಫ್ಲೆಕ್ ಮತ್ತು ಡೇಮನ್ 2022ರಲ್ಲಿ ಕಟ್ಟಿದ ‘ಆರ್ಟಿಸ್ಟ್ಸ್ ಈಕ್ವಿಟಿ’ ಸಂಸ್ಥೆಯ ಮೊದಲ ಚಿತ್ರ ಇದು. ಲಾಭದಲ್ಲಿ ತಂತ್ರಜ್ಞರಿಗೂ ಪಾಲು ಕೊಡುವುದು ಆ ಸಂಸ್ಥೆಯ ಧ್ಯೇಯ. ಪಾಲಿನ ಕಥೆ ಹೇಳುವವರು ಪಾಲು ಕೊಡುವ ಮಾತಾಡಿದ್ದು ಮೆಚ್ಚಬೇಕಾದ್ದೇ. ಆದರೂ ಚಿತ್ರ ತನ್ನ ಕಥೆಯನ್ನು ನಿಲ್ಲಿಸಿದ ಜಾಗ ಕಂಪನಿಗೆ ಬಹಳ ಅನುಕೂಲವಾದದ್ದು. ಮುಂದೆ ನಡೆದದ್ದು ಅಷ್ಟು ಚೆಂದವಾಗಿಲ್ಲ. 1989ರಲ್ಲಿ ಮೇರಿಲ್ಯಾಂಡ್ ರಾಜ್ಯದಲ್ಲಿ ಹದಿನೈದರ ಹುಡುಗನೊಬ್ಬ ಕಾಲಲ್ಲಿದ್ದ ಏರ್ ಜೋರ್ಡಾನ್ ಬೂಟಿಗಾಗಿಯೇ ಕೊಲೆಯಾದ. ಬಡ ಬಡಾವಣೆಗಳ ಮಕ್ಕಳಿಗೆ ಕೈಗೆಟುಕದ ಬೆಲೆಯ ಬೂಟನ್ನು ಹಂಬಲದ ವಸ್ತುವಾಗಿ ಮಾಡಿದವರ ಹೊಣೆ ಏನು ಎಂಬ ಪ್ರಶ್ನೆ 1990ರಲ್ಲಿ ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ಪತ್ರಿಕೆಯ ಮುಖಪುಟಕ್ಕೇ ಬಂತು.

ಬೂಟು ಹೊಲಿದವರ ಮುಖವಂತೂ ಚಿತ್ರದಲ್ಲಿ ಕಾಣುವುದೇ ಇಲ್ಲ. ಮೊದಲ ಏರ್ ಜೋರ್ಡಾನ್ ತಯಾರಾದದ್ದು ದಕ್ಷಿಣ ಕೊರಿಯಾದಲ್ಲಿ. ಅಲ್ಲಿ ಕೂಲಿ ಏರಿದಂತೆ ಕೆಲಸ ಇಂಡೊನೇಷ್ಯಾ, ಚೀನಾ, ವಿಯೆಟ್ನಾಂಗಳಿಗೆ ಸರಿಯಿತು. 1990ರ ದಶಕದುದ್ದಕ್ಕೂ ಆ ಕಾರ್ಖಾನೆಗಳ ಕಡಿಮೆ ಕೂಲಿ, ಅತಿ ದುಡಿಮೆ, ಬಾಲಕಾರ್ಮಿಕರ ಸುದ್ದಿಗಳು ನೈಕಿಯನ್ನು ಕಾಡಿದವು. 1996ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆ ನೈಕಿ ಚಿಹ್ನೆಯ ಫುಟ್‌ಬಾಲ್ ಹೊಲಿಯುತ್ತಿದ್ದ ಪಾಕಿಸ್ತಾನದ ಬಾಲಕನ ಚಿತ್ರ ಪ್ರಕಟಿಸಿತು. ಕೊನೆಗೆ 1998ರ ಮೇ ತಿಂಗಳಲ್ಲಿ ಫಿಲ್ ನೈಟ್ ವಾಷಿಂಗ್ಟನ್ನಿನ ಪತ್ರಕರ್ತರ ಕೂಟದ ಮುಂದೆ ನಿಂತು, ತಮ್ಮ ಕಂಪನಿಯ ಹೆಸರು ಗುಲಾಮಗಿರಿಯ ಕೂಲಿಗೆ ಪರ್ಯಾಯವಾಗಿದೆಯೆಂದು ಒಪ್ಪಿಕೊಂಡರು. ಬೂಟು ಕಾರ್ಖಾನೆಗೆ ಸೇರುವವರ ಕನಿಷ್ಠ ವಯಸ್ಸು 18 ಎಂಬ ನಿಯಮ ಸಾರಿದರು. ತಾಯಿಯೊಬ್ಬಳು ಮಗನ ಪಾಲು ಕೇಳಿದ ಕಥೆಗೆ ಕಣ್ಣು ತುಂಬಿಕೊಳ್ಳುವ ಪ್ರೇಕ್ಷಕನಿಗೆ, ಪಾಲು ಕೇಳುವ ಬಲವಿಲ್ಲದ ತಾಯಂದಿರೂ ಅದೇ ಬೂಟಿನ ಹಿಂದಿದ್ದರು ಎಂಬುದು ನೆನಪಾಗದಿರುವುದು ಚಿತ್ರದ ದೊಡ್ಡ ಕೊರತೆ.

ಬೆಂಗಳೂರಿನ ಒಂದು ಎಳೆ

ಭಾರತದಲ್ಲಿ ಇಂಥ ತಿರುವು ಬಂದದ್ದು 1995ರಲ್ಲಿ. ಅದರ ರೂವಾರಿ ಬೆಂಗಳೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ್ದ ಮಾರ್ಕ್ ಮಸ್ಕರೇನ್ಹಸ್. ಅದಕ್ಕೆ ಮೊದಲೂ ಕ್ರಿಕೆಟಿಗರು ಜಾಹೀರಾತುಗಳಲ್ಲಿ ಬರುತ್ತಿದ್ದರು. ಕಪಿಲ್ ದೇವ್ ಕ್ಷೌರದ ನೊರೆಯನ್ನೂ ಸುನಿಲ್ ಗಾವಸ್ಕರ್ ಸೂಟಿನ ಬಟ್ಟೆಯನ್ನೂ ಮಾರಿದ್ದರು. ಅವು ಬಿಡಿಬಿಡಿ ವ್ಯವಹಾರ. ಮಸ್ಕರೇನ್ಹಸ್ ಅವರ ವರ್ಲ್ಡ್‌ಟೆಲ್ ಸಂಸ್ಥೆ ಸಚಿನ್ ತೆಂಡೂಲ್ಕರ್ ಅವರ ಹೆಸರಿನ ಇಡೀ ವ್ಯಾಪಾರದ ಹಕ್ಕನ್ನು ಐದು ವರ್ಷಕ್ಕೆ ಪಡೆದು, ಇಷ್ಟು ಹಣ ಖಂಡಿತ ಎಂಬ ಭರವಸೆ ಕೊಟ್ಟಿತು. ಅಂದು ವರದಿಯಾದ ಮೊತ್ತ ಸುಮಾರು 30 ಕೋಟಿ ರೂಪಾಯಿ. ಹಲವರು ಇದನ್ನು ಹುಚ್ಚು ಎಂದರು. 1996ರ ವಿಶ್ವಕಪ್‌ನಲ್ಲಿ ತೆಂಡೂಲ್ಕರ್ ಬ್ಯಾಟಿನ ಮೇಲೆ ಯಾವ ಕಂಪನಿಯ ಚೀಟಿಯೂ ಇರಲಿಲ್ಲ, ಅಂಥ ಬರಿಯ ಬ್ಯಾಟಿನಲ್ಲೇ 523 ರನ್ ಬಂದವು. ಆಮೇಲೆ ಆ ಬ್ಯಾಟಿನ ಮೇಲಿನ ಅಂಗೈಯಗಲದ ಜಾಗಕ್ಕೆ ಬಂದ ಬೆಲೆ ಎಲ್ಲರಿಗೂ ತಿಳಿದದ್ದೇ. ಮಸ್ಕರೇನ್ಹಸ್ 2002ರ ಜನವರಿಯಲ್ಲಿ ಮಹಾರಾಷ್ಟ್ರದಲ್ಲಿ ನಡೆದ ರಸ್ತೆ ಅಪಘಾತದಲ್ಲಿ ಸಾವಿಗೀಡಾದರು. ಆಟಗಾರನ ಹೆಸರೂ ಒಂದು ಆಸ್ತಿ ಎಂಬ ತಿಳಿವಳಿಕೆ ಮಾತ್ರ ಇಲ್ಲಿ ಬೇರೂರಿತ್ತು.

‘ಏರ್’ ಚಿತ್ರದ ಕೊನೆಯಲ್ಲಿ ಪಾತ್ರಗಳ ಮುಂದಿನ ಬದುಕಿನ ವಿವರ ಬರುತ್ತದೆ. ಬಹಳ ಪ್ರೇಕ್ಷಕರು ಎದ್ದು ಹೊರಡುವ ಹೊತ್ತು ಅದು. ಆದರೆ ಅಲ್ಲಿರುವ ಒಂದು ಸಾಲು ಇಡೀ ಚಿತ್ರದಷ್ಟೇ ಮುಖ್ಯ. ಕಾಲೇಜು ತಂಡಗಳಿಗೆ ಬೂಟು ಕಂಪನಿಗಳ ಹಣ ಹರಿಸಿದ ವ್ಯಾಕಾರೊ, ಮುಂದೆ ಅದೇ ವ್ಯವಸ್ಥೆಯ ವಿರುದ್ಧ ನಿಂತರು. ಕೋಚ್‌ಗಳಿಗೆ, ವಿಶ್ವವಿದ್ಯಾಲಯಗಳಿಗೆ ಕೋಟಿಗಟ್ಟಲೆ ಹಣ. ಆಡುವ ಹುಡುಗನಿಗೆ ಮಾತ್ರ ವಿದ್ಯಾರ್ಥಿವೇತನವಲ್ಲದೆ ಬಿಡಿಗಾಸಿಲ್ಲ. ತನ್ನನ್ನು ಹೋಲುವ ಆಟಗಾರನನ್ನು ವಿಡಿಯೋ ಆಟದಲ್ಲಿ ಬಳಸಿಕೊಂಡರೂ ಹಣ ಕೊಡಲಿಲ್ಲವೆಂದು ಮಾಜಿ ಆಟಗಾರ ಎಡ್ ಓಬ್ಯಾನನ್ 2009ರಲ್ಲಿ ಕಾಲೇಜು ಕ್ರೀಡಾ ಸಂಸ್ಥೆಯ ಮೇಲೆ ಹೂಡಿದ ಮೊಕದ್ದಮೆಗೆ ಬೆಂಬಲವಾಗಿ ನಿಂತವರು ವ್ಯಾಕಾರೊ. 2014ರಲ್ಲಿ ನ್ಯಾಯಾಲಯ ಓಬ್ಯಾನನ್ ಪರ ತೀರ್ಪಿತ್ತಿತು. 2021ರ ಜುಲೈನಿಂದ ಅಮೆರಿಕದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖ, ಚಹರೆಗಳನ್ನು ಬಳಸಿ ಹಣ ಗಳಿಸಲು ಅವಕಾಶವಾಯಿತು.

1984ರಲ್ಲಿ ಒಬ್ಬನಿಗೆ ಸಿಕ್ಕ ಪಾಲು ಸಾವಿರಾರು ಮಂದಿಯ ಹಕ್ಕಾಗಿ ಬದಲಾಗಲು 37 ವರ್ಷ ಬೇಕಾಯಿತು. ಈ ನಡುವೆ ಜೋರ್ಡಾನ್ ಹೆಸರಿನ ವ್ಯಾಪಾರ ನೈಕಿಗೆ 2022–23ರ ಒಂದೇ ಹಣಕಾಸು ವರ್ಷದಲ್ಲಿ ಸುಮಾರು 660 ಕೋಟಿ ಡಾಲರ್ ತಂದಿತು. ಚಕ್ ಟೇಲರ್ ಸಂಬಳ ಎಣಿಸಿಕೊಂಡು ಹೋದರು, ಜೆಸ್ಸಿ ಓವೆನ್ಸ್ ಕುದುರೆಗಳ ಜೊತೆ ಓಡಿದರು. ಡೆಲೋರಿಸ್ ಅವರ ಮಗ ಪಾಲು ಪಡೆದರು. ಹೊಲಿಗೆ ಯಂತ್ರದ ಮುಂದೆ ಕುಳಿತವರ ಸರದಿ ಇನ್ನೂ ಬಂದಿಲ್ಲ. ಅವರ ಕಥೆಯ ಚಿತ್ರ ಎಂದಾದರೂ ಬಂದರೆ, ಪ್ರೇಕ್ಷಕರ ಅಭಿಪ್ರಾಯ ಆಗ ಏನಿದ್ದೀತು?